ಗೋಡೆಯ ಕ್ಯಾಲೆಂಡರಿನ ಕೆಂಪು ಚುಕ್ಕೆ

ಮದ್ದೂರಿಗೆ ಸಮೀಪದಲ್ಲಿ, ಶಿಂಷಾ ನದಿಯ ದಡದ ಮೇಲೆ, ವೈದ್ಯನಾಥಪುರವೆಂಬ ಹಳ್ಳಿಯುಂಟು. ಅಲ್ಲಿ ನೆಲೆಸಿರುವ ದೇವರು ವೈದ್ಯನಾಥೇಶ್ವರ. ಹೆಸರೇ ಹೇಳುವಂತೆ ಅವನು ರೋಗಿಗಳ ಪಾಲಿನ ವೈದ್ಯನೆಂದು ಸುತ್ತಿನ ಸೀಮೆಯ ಜನ ನಂಬಿದ್ದಾರೆ. ಮೈಗೆ ನೆಮ್ಮದಿಯಿಲ್ಲದವರು ಹರಕೆ ಹೊತ್ತು ಬಂದು, ಹೊಳೆಯಲ್ಲಿ ಮಿಂದು, ಕೈಮುಗಿದು ಹೋಗುತ್ತಾರೆ. ನನ್ನ ಹಿರಿಯಕ್ಕನನ್ನು ಕೊಟ್ಟಿರುವುದು ಆ ಊರಿಗೆ. ೨೦೨೫ರ ಕಾರ್ತಿಕಮಾಸದ ಒಂದು ಭಾನುವಾರ ಸಂಸಾರಸಮೇತನಾಗಿ ಅಲ್ಲಿಗೆ ಹೋಗಿದ್ದೆ.

ನಾವೆಲ್ಲರೂ ದೇವಸ್ಥಾನಕ್ಕೆ ಹೊರಟು ನಿಂತಾಗ ಅಕ್ಕನ ಸೊಸೆಯೊಬ್ಬಳು ಮಾತ್ರ ಜಗುಲಿಯ ಮೂಲೆಯಲ್ಲೇ ಉಳಿದಳು. "ಅವಳು ಬರೋಹಂಗಿಲ್ಲ ಕಣಪ್ಪ, ಹೊರಗಾಗವ್ಳೆ" ಎಂದಳು ಅಕ್ಕ, ದನಿ ತಗ್ಗಿಸಿ. ನಮ್ಮ ಮನೆತನಗಳಲ್ಲಿ ಇದು ಹೊಸ ಮಾತಲ್ಲ. ನಾನೂ ಕೇಳಿ ಸುಮ್ಮನಾದೆ.

ಪೂಜೆ ಮುಗಿಸಿಕೊಂಡು ಹಿಂದಿರುಗಿದಾಗ ಕಂಡ ನೋಟ ಮಾತ್ರ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ಆ ಹುಡುಗಿ ಕೊಟ್ಟಿಗೆಯನ್ನು ತೊಳೆಯುತ್ತಿದ್ದಳು. ಪಕ್ಕದಲ್ಲಿ ಆಗತಾನೆ ಹೊತ್ತು ತಂದಿದ್ದ ಹುಲ್ಲಿನ ಹೊರೆ ಬಿದ್ದಿತ್ತು. ಮುಖ ಬಿಳಿಚಿಕೊಂಡಿತ್ತು. ಎರಡು ಬಾರಿ ಸಗಣಿಯ ಬುಟ್ಟಿಯನ್ನು ಎತ್ತಿದವಳು ಮೂರನೆಯ ಬಾರಿ ಕಂಬವನ್ನು ಹಿಡಿದು ನಿಂತುಬಿಟ್ಟಳು.

"ಸ್ವಲ್ಪ ಹೊತ್ತು ಕೂತುಕೊಳ್ಳಬಾರದೇನವ್ವ?" ಎಂದೆ.

ಅವಳು ನಕ್ಕಳು. "ನಾನು ಕೂತ್ಕೊಂಡ್ರೆ ಹಸ ಕೂತ್ಕೊಂಡವಾ ಮಾವ?"

ಒಲೆಯ ಬಳಿಗೆ ಬರಕೂಡದವಳು ಕೊಟ್ಟಿಗೆಗೆ ಬರಬಹುದು; ದೇವರ ಮುಂದೆ ನಿಲ್ಲಕೂಡದವಳು ಹುಲ್ಲಿನ ಹೊರೆಯನ್ನು ಹೊರಬಹುದು. ಮಾರನೆಯ ದಿನ ಬೆಳಗಾಗುತ್ತಲೇ ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸು ಬರುತ್ತದೆ. ಅಲ್ಲಿ ಅವಳು ಹೊಲಿಗೆಯಂತ್ರದ ಮುಂದೆ ಇಡೀ ದಿನ ಕುಳಿತು, ಗಂಟೆಗಿಷ್ಟು ಪೀಸು ಎಂಬ ಲೆಕ್ಕಕ್ಕೆ ದುಡಿಯಬೇಕು. ಅಂದರೆ, ಹೊರಗಾದವಳೆಂಬ ಕಳಂಕವನ್ನು ಅವಳಿಗೆ ಪೂರ್ತಿಯಾಗಿ ಕೊಟ್ಟಿದ್ದೇವೆ. ಆ ಕಳಂಕದ ಜೊತೆಗೆ ಹಿಂದೆ ಕೆಲವರಿಗಾದರೂ ದೊರೆಯುತ್ತಿದ್ದ ವಿಶ್ರಾಂತಿಯನ್ನು ಕಿತ್ತುಕೊಂಡಿದ್ದೇವೆ.

ಅಂದು ಸಂಜೆ ನಡುಮನೆಯ ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರನ್ನು ನೋಡುತ್ತಿದ್ದೆ. ಡೈರಿಗೆ ಹಾಕಿದ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರು ಬಂದ ದಿನ, ಸಂಘದ ಕಂತು ಕಟ್ಟುವ ವಾರ, ಎಲ್ಲವನ್ನೂ ಅದರಲ್ಲಿ ಗುರುತು ಹಾಕಿದ್ದರು. ಇವುಗಳ ನಡುವೆ ತಿಂಗಳಿಗೊಂದರಂತೆ ಸಣ್ಣ ಕೆಂಪು ಚುಕ್ಕೆ. "ಇದೇನು ಲೆಕ್ಕ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ನಮ್ಮ ಮನೆಯ ಕ್ಯಾಲೆಂಡರಿನಲ್ಲಿಯೂ ಇದೆ. ಮದುವೆಯಾಗಿ ಹತ್ತು ವರ್ಷವಾಯಿತು, ನೀವು ಒಮ್ಮೆಯಾದರೂ ನೋಡಿದ್ದೀರಾ?" ಎಂದಳು.

ನೋಡಿರಲಿಲ್ಲ. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಸರ್ಕಾರದ ಆಜ್ಞೆ

ನಾವು ವೈದ್ಯನಾಥಪುರಕ್ಕೆ ಹೋಗಿದ್ದ ಆ ದಿನಗಳಲ್ಲಿಯೇ ನಾಡಿನಲ್ಲಿ ಒಂದು ದೊಡ್ಡ ಮಾತು ನಡೆದಿತ್ತು. ೨೦೨೫ರ ಅಕ್ಟೋಬರ್ ೯ರಂದು ಕರ್ನಾಟಕದ ಸಚಿವ ಸಂಪುಟ ಮುಟ್ಟಿನ ರಜೆಯ ನೀತಿಯನ್ನು ಒಪ್ಪಿತು. ನವೆಂಬರಿನಲ್ಲಿ ಅದರ ಆಜ್ಞೆ ಹೊರಟಿತು. ಹದಿನೆಂಟರಿಂದ ಐವತ್ತೆರಡು ವರ್ಷದೊಳಗಿನ ನೌಕರಿಯ ಸ್ತ್ರೀಯರಿಗೆ ತಿಂಗಳಿಗೊಂದು ದಿನದಂತೆ ವರ್ಷಕ್ಕೆ ೧೨ ದಿನ ಸಂಬಳಸಹಿತವಾದ ರಜೆ. ಕಾರ್ಖಾನೆ, ಅಂಗಡಿ, ತೋಟ, ಬೀಡಿ ಉದ್ಯಮ, ಮೋಟಾರು ಸಾರಿಗೆ, ಇವುಗಳಿಗೆ ಸಂಬಂಧಿಸಿದ ಕಾಯಿದೆಗಳ ಕೆಳಗೆ ನೋಂದಣಿಯಾದ ಸಂಸ್ಥೆಗಳಿಗೆ ಇದು ಅನ್ವಯ. ಕಾಯಂ ನೌಕರರಷ್ಟೇ ಅಲ್ಲ, ಗುತ್ತಿಗೆಯ ನೌಕರರಿಗೂ ಉಂಟು. ವೈದ್ಯರ ಪ್ರಮಾಣಪತ್ರ ಬೇಕಿಲ್ಲ. ಆದರೆ ಆ ತಿಂಗಳ ರಜೆ ಆ ತಿಂಗಳಿಗೇ ಸರಿ, ಮುಂದಕ್ಕೆ ಕೂಡಿಡುವಂತಿಲ್ಲ.

ಎದುರು ಮಾತೂ ಕೂಡಲೇ ಎದ್ದಿತು. ಬೆಂಗಳೂರಿನ ಹೋಟೆಲು ಮಾಲೀಕರ ಸಂಘ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಡಿಸೆಂಬರ್ ೯ರಂದು ನ್ಯಾಯಾಲಯ ಆಜ್ಞೆಗೆ ತಡೆ ನೀಡಿ, ಸರ್ಕಾರದ ಪರ ವಕೀಲರ ವಿನಂತಿಯ ಮೇಲೆ ಅಂದೇ ಆ ತಡೆಯನ್ನು ಹಿಂತೆಗೆದುಕೊಂಡಿತು. ಇಂಥ ರಜೆಯನ್ನು ಕಡ್ಡಾಯ ಮಾಡಿದರೆ ಮಾಲೀಕರು ಸ್ತ್ರೀಯರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿದಾರೆಂಬ ಶಂಕೆಯನ್ನು ೨೦೨೪ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ವ್ಯಕ್ತಪಡಿಸಿತ್ತು. ಶಂಕೆ ಹಗುರವಾದದ್ದಲ್ಲ.

ಆದರೆ ನಾವೇ ಮೊದಲಿಗರೆಂದು ತಿಳಿಯಬೇಕಾಗಿಲ್ಲ. ೧೯೧೨ರಷ್ಟು ಹಿಂದೆಯೇ ಕೊಚ್ಚಿ ಸಂಸ್ಥಾನದ ತೃಪ್ಪೂಣಿತುರದ ಹೆಣ್ಣುಮಕ್ಕಳ ಶಾಲೆಯೊಂದು ಮುಟ್ಟಿನ ದಿನಗಳಲ್ಲಿ ವಿದ್ಯಾರ್ಥಿನಿಯರಿಗೆ ರಜೆ ಕೊಟ್ಟು, ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಯುವ ಅವಕಾಶವನ್ನೂ ಕೊಟ್ಟಿತ್ತು. ಜಪಾನು ೧೯೪೭ರಲ್ಲಿ, ಇಂಡೊನೇಷ್ಯ ೧೯೪೮ರಲ್ಲಿ ಕಾನೂನು ಮಾಡಿದುವು. ಬಿಹಾರ ಸರ್ಕಾರ ೧೯೯೨ರಲ್ಲಿಯೇ ತನ್ನ ಸ್ತ್ರೀ ನೌಕರರಿಗೆ ತಿಂಗಳಿಗೆ ಎರಡು ದಿನ ಕೊಟ್ಟಿತು. ಯುರೋಪಿನಲ್ಲಿ ಸ್ಪೇನು ಈ ಹಾದಿಗೆ ಬಂದದ್ದು ೨೦೨೩ರಲ್ಲಿ.

ಜಪಾನಿನ ಅನುಭವದಿಂದ ಕಲಿಯಬೇಕಾದ ಒಂದು ಪಾಠವುಂಟು. ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಕಾನೂನು ಇದ್ದರೂ, ಈಚಿನ ಸರ್ಕಾರಿ ಸಮೀಕ್ಷೆಗಳ ಪ್ರಕಾರ ಅದನ್ನು ಬಳಸುವವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಹಲವು ಕಡೆ ಆ ದಿನಕ್ಕೆ ಸಂಬಳವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗಂಡಸಾದ ಮೇಲಧಿಕಾರಿಯ ಮುಂದೆ ನಿಂತು ಹೇಳುವುದಕ್ಕೆ ಸಂಕೋಚ. ಅಕ್ಕನ ಸೊಸೆಯೂ ಅದನ್ನೇ ಹೇಳಿದಳು: "ರಜ ಕೊಟ್ಟವ್ರೆ ಅಂತ ಪೇಪರ್‌ನಲ್ಲಿ ಬಂತಂತೆ. ಆದ್ರೆ ಸೂಪರ್‌ವೈಸರ್ ಮುಂದೆ ಬಾಯ್ಬುಟ್ಟು ಕೇಳೋಳು ಯಾರು ಮಾವ?"

ಆಜ್ಞೆ ಮುಟ್ಟದ ಮನೆಗಳೂ ಎಷ್ಟೋ ಇವೆ. ಗದ್ದೆಯಲ್ಲಿ ನಾಟಿ ಹಾಕುವವಳಿಗೆ, ನಮ್ಮ ನಿಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ, ಸಂಬಳವೇ ಇಲ್ಲದ ಗೃಹಿಣಿಗೆ ರಜೆ ಕೊಡುವ ಕಾಯಿದೆ ಯಾವುದು?

ಭೂಮಿತಾಯಿಗೆ ಮೂರು ದಿನ

ಹಳೆಯ ಕಾಲವನ್ನು ಪೂರ್ತಿಯಾಗಿ ಹಳಿಯುವುದೂ, ಪೂರ್ತಿಯಾಗಿ ಹೊಗಳುವುದೂ ನ್ಯಾಯವಲ್ಲ. ನಮ್ಮ ಅಜ್ಜಿಗೆ ಆ ಮೂರು ದಿನ ಪ್ರತ್ಯೇಕವಾದ ಚಾಪೆ, ತಟ್ಟೆ, ಚೊಂಬು. ನಾಲ್ಕನೆಯ ದಿನ ತಲೆಗೆ ಸ್ನಾನ. "ಮುಟ್ಟಬೇಡ" ಎಂಬ ಮಾತನ್ನು ಸ್ವಂತ ಮಕ್ಕಳ ಬಾಯಿಂದಲೂ ಕೇಳಬೇಕಾಗಿತ್ತು. ಅವಳೇ ನಗುತ್ತ ಹೇಳುತ್ತಿದ್ದಳು, ತ್ರಿವೇಣಿಯವರ ಕಾದಂಬರಿಗಳನ್ನು ತಾನು ಓದಿದ್ದೆಲ್ಲ ಆ ಮೂರು ದಿನಗಳಲ್ಲಿಯೇ ಎಂದು. ಅವಮಾನವೂ ಬಿಡುವೂ ಒಂದೇ ಎಲೆಯಲ್ಲಿ ಬಡಿಸಿದಂತಿತ್ತು. ಆ ಬಿಡುವಾದರೂ ಒಲೆ ನೋಡಿಕೊಳ್ಳಲು ಬೇರೆ ಹೆಂಗಸರಿದ್ದ ಕೂಡುಕುಟುಂಬಕ್ಕೆ ಮಾತ್ರ. ಊರ ಹೊರಗಿನ ಗುಡಿಸಲಿನಲ್ಲಿ ಮಳೆ ಚಳಿಗಳಲ್ಲಿ ದಿನ ಕಳೆಯಬೇಕಾಗಿದ್ದ ಕಾಡುಗೊಲ್ಲರ ಹಟ್ಟಿಯ ಹೆಣ್ಣುಮಗಳಿಗೆ ಅದನ್ನು ವಿಶ್ರಾಂತಿಯೆಂದು ಹೇಳುವ ಧೈರ್ಯ ಯಾರಿಗಿದ್ದೀತು?

ಇದನ್ನು ಪ್ರಶ್ನಿಸಿದವರು ನಮ್ಮಲ್ಲಿಯೇ ಇದ್ದರೆಂಬುದನ್ನು ಮರೆಯಬಾರದು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದಾಗ, ಜನನ, ಮರಣ, ಜಾತಿ, ಎಂಜಲುಗಳ ಸೂತಕಗಳೊಂದಿಗೆ ರಜಸ್ಸೂತಕವನ್ನೂ ಅಲ್ಲಗಳೆದರು. ಎಂಟು ನೂರು ವರ್ಷಗಳಾದರೂ ಆ ಪಾಠ ನಮ್ಮ ಜಗುಲಿಯ ಮೂಲೆಯನ್ನು ತಲುಪಿಲ್ಲ.

ಮಂಗಳೂರಿನ ಕಡೆಯವರಾದ ನನ್ನ ಸಹೋದ್ಯೋಗಿಯೊಬ್ಬರಿಗೆ ಈ ಪ್ರಸಂಗವನ್ನೆಲ್ಲ ತಿಳಿಸಿದಾಗ ಅವರು ತಮ್ಮ ನಾಡಿನ 'ಕೆಡ್ಡಸ'ದ ವಿಚಾರ ಹೇಳಿದರು. ತುಳುನಾಡಿನಲ್ಲಿ ಮಕರ ಮಾಸದ ಕೊನೆಯಲ್ಲಿ, ಎಂದರೆ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ, ಭೂಮಿತಾಯಿ ಮುಟ್ಟಾಗುತ್ತಾಳೆಂದು ನಂಬಿಕೆ. ಆ ಮೂರು ದಿನ ನೇಗಿಲು ಹೂಡುವಂತಿಲ್ಲ, ನೆಲ ಅಗೆಯುವಂತಿಲ್ಲ. ಹುರಿದು ಪುಡಿಮಾಡಿದ ಧಾನ್ಯಕ್ಕೆ ಬೆಲ್ಲ, ಕಾಯಿ ಸೇರಿಸಿ ನನ್ನೆರಿ ಎಂಬ ತಿನಿಸನ್ನು ಮಾಡುತ್ತಾರೆ. ತುಳಸಿಕಟ್ಟೆಯ ಬಳಿ ಎಣ್ಣೆ, ಅರಸಿನ, ಕುಂಕುಮಗಳನ್ನಿಟ್ಟು ಭೂದೇವಿಗೆ ಉಪಚಾರ ನಡೆಸುತ್ತಾರೆ. ಒಡಿಶಾದಲ್ಲಿ ಜೂನ್ ತಿಂಗಳ ರಜಪರ್ವವೂ ಇಂಥದೇ ಹಬ್ಬ. ಅಲ್ಲಿ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು ಉಯ್ಯಾಲೆಯಾಡುತ್ತಾರೆ.

ಎಷ್ಟು ಚೆಲುವಾದ ಕಲ್ಪನೆ! ಬೆಳೆ ಕೊಡುವ ನೆಲಕ್ಕೂ ಬಿಡುವು ಬೇಕೆಂದು ರೈತ ತಿಳಿದಿದ್ದ. ಆ ಮೂರು ದಿನ ನೆಲಕ್ಕೆ ನೋವಾದೀತೆಂದು ಗುದ್ದಲಿಯನ್ನು ಕೆಳಗಿಟ್ಟ ಕೈಯೇ, ಮನೆಯ ಹೆಣ್ಣುಮಗಳ ತಲೆಯ ಮೇಲೆ ಹೊರೆ ಹೊರಿಸಿತಲ್ಲ!

ಬಿಡುವು ಸಿಗದಿದ್ದರೆ ಸಂಗತಿ ಎಲ್ಲಿಗೆ ಮುಟ್ಟೀತೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆ ಸಾಕ್ಷಿ. ಕಬ್ಬು ಬೆಳೆಯುವ ಮಂಡ್ಯದವರಾದ ನಾವು ಇದನ್ನು ವಿಶೇಷವಾಗಿ ತಿಳಿಯಬೇಕು. ಅಲ್ಲಿಂದ ಕಬ್ಬು ಕಡಿಯಲು ಹೋಗುವ ಗಂಡಹೆಂಡಿರನ್ನು ಜೊತೆಯಾಗಿ ಗೊತ್ತುಮಾಡುತ್ತಾರೆ. ಇಬ್ಬರಲ್ಲಿ ಒಬ್ಬರು ಒಂದು ದಿನ ತಪ್ಪಿದರೂ ದಂಡ. ಮುಟ್ಟಿನ ನೋವು, ಅತಿಸ್ರಾವಗಳಿಂದ ದಿನ ತಪ್ಪೀತೆಂದು ಹೆದರಿ ಸಾವಿರಾರು ಹೆಂಗಸರು, ಇನ್ನೂ ಚಿಕ್ಕವಯಸ್ಸಿನವರೂ ಸೇರಿ, ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. ೨೦೧೯ರಲ್ಲಿ ಇದು ಬಯಲಾಗಿ ಸರ್ಕಾರ ವಿಚಾರಣೆಗೆ ಸಮಿತಿ ನೇಮಿಸಬೇಕಾಯಿತು. ತಿಂಗಳಿಗೊಂದೆರಡು ದಿನದ ಬಿಡುವಿಗೆ ಬದಲಾಗಿ ಶರೀರದ ಅಂಗವನ್ನೇ ತೆತ್ತ ಆ ತಾಯಂದಿರ ಕಷ್ಟವನ್ನು ನೆನೆದರೆ, ರಜೆ ಎಂಬುದು ಸೋಮಾರಿತನದ ಬೇಡಿಕೆಯೆಂದು ಹೇಳುವ ಬಾಯಿ ಕಟ್ಟಿಹೋಗುತ್ತದೆ.

ದೇಹದ ಪಂಚಾಂಗ

ಇನ್ನು ದೇಹದ ವಿಚಾರ. ನಾನು ಕನ್ನಡ ಪಾಠ ಹೇಳುವವನೇ ಹೊರತು ವೈದ್ಯನಲ್ಲ. ಆದರೂ ಒಬ್ಬ ಗೃಹಸ್ಥ ತಿಳಿದಿರಬೇಕಾದಷ್ಟನ್ನು ವೈದ್ಯರಿಂದ ಕೇಳಿ ತಿಳಿದಿದ್ದೇನೆ.

ಋತುಚಕ್ರವನ್ನು ಸ್ರಾವ ಮೊದಲಾದ ದಿನದಿಂದ ಎಣಿಸಬೇಕು. ಇಪ್ಪತ್ತೆಂಟು ದಿನವೆಂಬುದು ಬರಿಯ ಸರಾಸರಿ. ಪ್ರಾಯದ ಸ್ತ್ರೀಯರಲ್ಲಿ ೨೧ರಿಂದ ೩೫ ದಿನದವರೆಗೆ ಯಾವುದಾದರೂ ಸಹಜವೇ. ಸ್ರಾವ ಎರಡರಿಂದ ಏಳು ದಿನ ಇದ್ದೀತು. ಗರ್ಭಕೋಶ ತನ್ನ ಒಳಪೊರೆಯನ್ನು ಕಳಚಿ ಹಾಕುವಾಗ ಪ್ರೋಸ್ಟಗ್ಲ್ಯಾಂಡಿನ್ ಎಂಬ ದ್ರವ್ಯ ಹುಟ್ಟಿ, ಅದರ ಮಾಂಸಖಂಡಗಳನ್ನು ಹಿಂಡುತ್ತದೆ. ನೋವು, ಓಕರಿಕೆ, ಕೆಲವರಿಗೆ ಭೇದಿ ಸಹ ಆಗುವುದು ಇದರಿಂದಲೇ. ಸಾಮಾನ್ಯವಾಗಿ ಮೊದಲ ಒಂದೆರಡು ದಿನ ಈ ಬಾಧೆ ಹೆಚ್ಚು. ಇದು ನಟನೆಯಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಕೆಲವರಿಗೆ ಸ್ರಾವಕ್ಕೆ ಮುಂಚಿನ ವಾರದಲ್ಲಿ ಮೈ ಭಾರವಾಗುವುದು, ಕಾರಣವಿಲ್ಲದೆ ಅಳು ಬರುವುದು, ಸಿಡುಕು ಹೆಚ್ಚುವುದು ಉಂಟು. ಇನ್ನು ಕೆಲವರಿಗೆ ಏನೂ ಆಗದು. ಅಂಥವರು ಎಂದಿನಂತೆ ಓಡಾಡಿಕೊಂಡು ಇರುತ್ತಾರೆ.

ಈ ವ್ಯತ್ಯಾಸವೇ ಮುಖ್ಯವಾದ ಮಾತು. ಇತ್ತೀಚೆಗೆ ನಗರಗಳಲ್ಲಿ ತಿಂಗಳನ್ನು ನಾಲ್ಕು ಭಾಗ ಮಾಡಿ, ಈ ವಾರ ಇಂಥ ಆಹಾರ, ಈ ವಾರ ಇಂಥ ವ್ಯಾಯಾಮ, ಈ ವಾರ ಇಂಥ ಕೆಲಸ ಎಂದು ಎಲ್ಲರಿಗೂ ಒಂದೇ ಪಟ್ಟಿ ಹಂಚುವ ಹೊಸ ಶೋಕಿ ಬಂದಿದೆ. ಅದಕ್ಕೆ ವಿಜ್ಞಾನದ ಆಧಾರ ತೀರ ತೆಳುವು. ಒಬ್ಬಳ ಮೈಯ ಪಂಚಾಂಗ ಇನ್ನೊಬ್ಬಳಿಗೆ ಹೊಂದದು. ಆ ದಿನಗಳಲ್ಲಿ ಸ್ತ್ರೀಯ ಬುದ್ಧಿಶಕ್ತಿ ಕುಂದುತ್ತದೆಂಬ ಮಾತಿಗೂ ಆಧಾರವಿಲ್ಲ. ಆದ್ದರಿಂದ ಯೋಜನೆಗೆ ಬೇಕಾದದ್ದು ಪುಸ್ತಕದ ಪಟ್ಟಿಯಲ್ಲ, ಅವಳದೇ ಅನುಭವದ ಟಿಪ್ಪಣಿ.

ಮನೆಯಲ್ಲಿ ಆಗಬಹುದಾದ ವ್ಯವಸ್ಥೆ

ಮೂರು ತಿಂಗಳ ಕಾಲ ಕ್ಯಾಲೆಂಡರಿನಲ್ಲಿ ಮೊದಲ ದಿನಕ್ಕೆ ಚುಕ್ಕೆ ಇಡಿ. ಯಾವ ದಿನ ನೋವು ಹೆಚ್ಚು, ಎಷ್ಟು ದಿನ ಸ್ರಾವ, ಯಾವ ದಿನ ಮನಸ್ಸು ಕುಗ್ಗಿತು ಎಂಬುದನ್ನೂ ಒಂದು ಗುರುತಿನಿಂದ ಸೂಚಿಸಿ. ನಾಲ್ಕನೆಯ ತಿಂಗಳಿನ ಹೊತ್ತಿಗೆ ಕಷ್ಟದ ದಿನಗಳು ಸುಮಾರಾಗಿ ಗೊತ್ತಾಗುತ್ತವೆ. ಕಂಬಳಿ, ಹೊದಿಕೆ ಒಗೆಯುವುದು, ಹಪ್ಪಳ ಸಂಡಿಗೆ ಇಡುವುದು, ದೂರದ ಪ್ರಯಾಣ, ಊಟಕ್ಕೆ ನೆಂಟರನ್ನು ಕರೆಯುವುದು, ಇಂಥವನ್ನು ಆ ದಿನಗಳಿಂದ ಆಚೆಗೆ ಸರಿಸುವುದು ಕಷ್ಟವೇನಲ್ಲ. ಸರಿಸಲಾಗದ ಕೆಲಸವಿದ್ದರೆ ಅದನ್ನು ಮಾಡುವ ಕೈ ಬೇರೆಯಾಗಲಿ. ಅನ್ನ ಸಾರು ಮಾಡಲು ಬಾರದ ಗಂಡಸು ಈ ಕಾಲದಲ್ಲಿ ಅದನ್ನು ಹೆಮ್ಮೆಯೆಂದು ಹೇಳಿಕೊಳ್ಳಬಾರದು.

ವಿಶ್ರಾಂತಿಯೆಂದರೆ ಮಲಗಿಯೇ ಇರಬೇಕೆಂದಲ್ಲ. ಹಗುರವಾದ ನಡಿಗೆಯಿಂದ, ಕಿಬ್ಬೊಟ್ಟೆಗೆ ಬಿಸಿನೀರಿನ ಶಾಖದಿಂದ ನೋವು ತಗ್ಗುತ್ತದೆ. ಯಾವ ಕೆಲಸ ಬೇಕು, ಯಾವುದು ಬೇಡವೆಂದು ನಿರ್ಣಯಿಸುವವಳು ಅವಳೇ ಆಗಿರಬೇಕು. "ನಿನಗೆ ಆಗದು, ಬಿಡು" ಎಂದು ನಾವೇ ತೀರ್ಮಾನಿಸಿದರೆ ಹಳೆಯ ಜಗುಲಿಯ ಮೂಲೆಗೆ ಹೊಸ ಚಾಪೆ ಹಾಸಿದಂತಾದೀತು.

ಆಹಾರದ ಕಡೆಗೂ ಗಮನವಿರಲಿ. ನಮ್ಮ ರಾಜ್ಯದ ಪ್ರಾಯದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ತಿಂಗಳು ತಿಂಗಳೂ ಹೋಗುವ ರಕ್ತಕ್ಕೆ ತಕ್ಕಷ್ಟು ಕಬ್ಬಿಣದ ಅಂಶ ತಟ್ಟೆಗೆ ಬರಬೇಕು. ಸೊಪ್ಪಿನ ಬಸ್ಸಾರು, ಹುರುಳಿ, ಕಾಳುಗಳು, ಮಾಂಸ ತಿನ್ನುವವರಿಗೆ ಮಾಂಸ, ಇವು ಒಳ್ಳೆಯವು. ಊಟದೊಡನೆ ನಿಂಬೆಹುಳಿ ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಎಲ್ಲರಿಗೂ ಬಡಿಸಿ ಉಳಿದುದನ್ನು ತಾನು ಉಣ್ಣುವ ಗೃಹಿಣಿಯ ವಾಡಿಕೆಯನ್ನಂತೂ ಇಂದೇ ನಿಲ್ಲಿಸಬೇಕು.

ಚುಕ್ಕೆಯ ಲೆಕ್ಕದಿಂದ ಇನ್ನೊಂದು ಪ್ರಯೋಜನವಿದೆ. ಸ್ರಾವ ಏಳು ದಿನ ಮೀರಿದರೆ, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೆ, ನೋವಿನಿಂದ ಎದ್ದು ಓಡಾಡಲು ಆಗದಿದ್ದರೆ, ನಡುವೆ ಅಕಾಲದಲ್ಲಿ ಸ್ರಾವ ಕಂಡರೆ, ಅದಕ್ಕೆ ರಜೆ ಮದ್ದಲ್ಲ; ವೈದ್ಯರ ಬಳಿಗೆ ಹೋಗಬೇಕು. ಗರ್ಭಕೋಶದ ಗೆಡ್ಡೆ, ಎಂಡೊಮೆಟ್ರಿಯೋಸಿಸ್ ಎಂಬ ಬೇನೆ, ಇವುಗಳನ್ನು "ಹೆಣ್ಣಾದ ಮೇಲೆ ನೋವು ಇದ್ದದ್ದೇ" ಎಂಬ ಒಂದು ಮಾತಿನಿಂದ ಎಷ್ಟೋ ವರ್ಷ ಮುಚ್ಚಿಟ್ಟಿದ್ದೇವೆ. ತಿಂಗಳುಗಳ ಬರವಣಿಗೆ ಕೈಯಲ್ಲಿದ್ದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಅಕ್ಕನ ಸೊಸೆಯ ರಕ್ತವನ್ನು ಆಮೇಲೆ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟು ಗ್ರಾಮಿತ್ತು, ಹನ್ನೆರಡಾದರೂ ಇರಬೇಕಾದದ್ದು. ಕಂಬ ಹಿಡಿದು ನಿಂತದ್ದಕ್ಕೆ ಕಾರಣ ಅಂದು ನಮಗೆ ಅರ್ಥವಾಯಿತು.

ಮಕ್ಕಳ ವಿಷಯದಲ್ಲಿಯೂ ಒಂದು ಮಾತು. ಮಗಳಿಗೆ ಈ ಲೆಕ್ಕ ಕಲಿಸುವಾಗ ಮಗನನ್ನು ಹೊರಗೆ ಆಡಲು ಕಳುಹಿಸಬೇಡಿ. ನಾಳೆ ಅವನೇ ಒಂದು ಕಚೇರಿಯ ಅಧಿಕಾರಿ, ಒಂದು ಕಾರ್ಖಾನೆಯ ಸೂಪರ್‌ವೈಸರು, ಒಬ್ಬಳ ಗಂಡ. ರಜೆಯ ಚೀಟಿ ಅವನ ಮೇಜಿನ ಮೇಲೆ ಬರುವಾಗ ಅವನು ನಗದಿದ್ದರೆ, ಆಜ್ಞೆ ಕಾಗದದಿಂದ ಇಳಿದು ನೆಲಕ್ಕೆ ಬಂದಂತೆ.

ಸಂಕ್ರಾಂತಿಯ ದಿನ

೨೦೨೬ರ ಸಂಕ್ರಾಂತಿಗೆ ಮತ್ತೆ ವೈದ್ಯನಾಥಪುರಕ್ಕೆ ಹೋಗಿದ್ದೆ. ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸಲು ಹೊಡೆದುಕೊಂಡು ಹೊರಟಿದ್ದರು. ಅಕ್ಕನ ಮಗ ಹಸುವಿನ ಹಗ್ಗ ಹಿಡಿದಿದ್ದ. ಸೊಸೆ ಜಗುಲಿಯಲ್ಲಿ ಕುಳಿತು ಎಳ್ಳುಬೆಲ್ಲದ ಪೊಟ್ಟಣ ಕಟ್ಟುತ್ತಿದ್ದಳು. ಮುಖದಲ್ಲಿ ಕಳೆ ಮರಳಿತ್ತು. ಕಬ್ಬಿಣದ ಮಾತ್ರೆ ಎರಡು ತಿಂಗಳಿಂದ ನಡೆದಿತ್ತು.

"ರಜೆ ಕೇಳಿದೆಯಾ?" ಎಂದೆ.

"ಡಿಸೆಂಬರ್‌ನಾಗೆ ಕೇಳ್ದೆ ಮಾವ. ಒಬ್ಳೇ ಕೇಳೋಕೆ ನಾಚ್ಕೆ ಅಂತ ನಮ್ ಲೈನ್‌ನೋರು ನಾಕ್ ಜನ ಒಟ್ಟಿಗೆ ಹೋಗಿ, ಯಾರ್‌ಗೆ ಯಾವತ್ತು ಬೇಕೋ ಅವತ್ತು ಕೊಡಿ ಅಂದೋ. ಸೂಪರ್‌ವೈಸರ್ ತಲೆ ಎತ್ತದೇನೇ ಬರ್ಕೊಂಡ" ಎಂದು ನಕ್ಕಳು. ನಾಚಿಕೆ ಈ ಬಾರಿ ಮೇಜಿನ ಆಚೆಯ ಕಡೆಗೆ ಹೋಗಿತ್ತು.

ಮನೆಯಲ್ಲಿ ಎಲ್ಲವೂ ಬದಲಾಯಿತೆಂದು ಹೇಳಿದರೆ ಸುಳ್ಳಾದೀತು. ಅಕ್ಕ ಇಂದಿಗೂ ಆ ದಿನಗಳಲ್ಲಿ ಸೊಸೆಯನ್ನು ದೇವರ ಮನೆಗೆ ಬಿಡುವುದಿಲ್ಲ. "ನನ್ ಕಾಲ ಇರೋಗಂಟ ಇರ್ಲಿ ಬುಡಪ್ಪ" ಎನ್ನುತ್ತಾಳೆ. ಆದರೆ ಕೊಟ್ಟಿಗೆಯ ಬುಟ್ಟಿ ಆ ದಿನಗಳಲ್ಲಿ ಮಗನ ಕೈಗೆ ಹೋಗಿದೆ. ಬಿಸಿ ಮುದ್ದೆ, ಸೊಪ್ಪಿನ ಸಾರು ಮೊದಲು ಬರುವುದು ಸೊಸೆಯ ತಟ್ಟೆಗೆ. ಕ್ಯಾಲೆಂಡರಿನ ಚುಕ್ಕೆಯ ಪಕ್ಕದಲ್ಲಿ ಬೇರೆಯ ಕೈಬರಹದಲ್ಲಿ 'ಹಾಲು ನಾನು' ಎಂಬ ಎರಡು ಪದಗಳನ್ನು ಕಂಡೆ. ಗಂಡ ಬರೆದುಕೊಂಡದ್ದು.

ನಮ್ಮ ಮನೆಯ ಗೋಡೆಯಲ್ಲೂ ಹೊಸ ವರ್ಷದ ಕ್ಯಾಲೆಂಡರು ಬಂದಿದೆ. ಕಾಲೇಜಿನ ಪರೀಕ್ಷೆ, ಮಕ್ಕಳ ಶುಲ್ಕ, ನೆಂಟರ ಮದುವೆ, ಇವನ್ನು ಬರೆಯುವುದಕ್ಕೆ ಮುಂಚೆ ಆ ತಿಂಗಳ ಕೆಂಪು ಚುಕ್ಕೆ ಎಲ್ಲಿದೆಯೆಂದು ಈಗ ನಾನು ಮೊದಲು ನೋಡುತ್ತೇನೆ. ಹತ್ತು ವರ್ಷ ತಡವಾಯಿತು. ವಾಚಕರಲ್ಲಿ ಯಾರಾದರೂ ಇಂದೇ ಎದ್ದು ತಮ್ಮ ಮನೆಯ ಗೋಡೆಯ ಕಡೆ ನೋಡಿದರೆ ಅಷ್ಟು ತಡವಾಗುವುದಿಲ್ಲ.